ಕೊನೆಯ ‘ಎಲ್ಸ್’ನಲ್ಲಿ ಸಿಕ್ಕಿಬಿದ್ದ ದುಡ್ಡು

ಆನ್‌ಲೈನ್‌ನಲ್ಲಿ ಫೀಸು ಕಟ್ಟುತ್ತೀರಿ. ಖಾತೆಯಿಂದ ದುಡ್ಡು ಹೋಗಿರುತ್ತದೆ, ಪರದೆಯ ಮೇಲೆ ಮಾತ್ರ ‘ಪಾವತಿ ವಿಫಲ’. ಗಾಬರಿಯಾಗಿ ಇನ್ನೊಮ್ಮೆ ಕಟ್ಟುತ್ತೀರಿ. ಬೈಗುಳವೆಲ್ಲ ಬ್ಯಾಂಕಿಗೆ. ಆದರೆ ಕೆಲವೊಮ್ಮೆ ತಪ್ಪು ಇರುವುದು ವೆಬ್‌ಸೈಟಿನ ಕೋಡ್‌ನಲ್ಲಿ, ಯಾರೋ ಅವಸರದಲ್ಲಿ ಬರೆದ ಒಂದು ‘ಎಲ್ಸ್’ನಲ್ಲಿ.

ಪಾವತಿಗೆ ಬರುವ ಉತ್ತರ ಎರಡೇ ಬಗೆಯದಲ್ಲ. ಯಶಸ್ಸು, ವೈಫಲ್ಯಗಳ ಜೊತೆ ‘ಇನ್ನೂ ಬಾಕಿ’ ಎಂಬುದೂ ಇದೆ. ‘ಯಶಸ್ವಿಯಾದರೆ ರಸೀದಿ ಕೊಡು, ಇಲ್ಲದಿದ್ದರೆ ವಿಫಲ ಎನ್ನು’ ಎಂದು ಬರೆದ ಕೋಡ್, ಬಾಕಿ ಇರುವುದನ್ನೂ ವಿಫಲದ ಬುಟ್ಟಿಗೇ ಹಾಕುತ್ತದೆ. ಆಮೇಲೆ ರೀಫಂಡ್ ಸೇರುತ್ತದೆ, ಭಾಗಶಃ ರೀಫಂಡ್ ಸೇರುತ್ತದೆ. ಇಫ್‌ನೊಳಗೆ ಇಫ್, ಅದರೊಳಗೆ ಮತ್ತೊಂದು.

ಇಂಥ ಕಡೆ ಪ್ಯಾಟರ್ನ್ ಮ್ಯಾಚಿಂಗ್ ಬಳಸಿ ಎಂದು ಪುಣೆಯ ನಮ್ಮ ಆಫೀಸಿನಲ್ಲಿ ನಾನು ಆಗಾಗ ವಾದ ಹೂಡುತ್ತೇನೆ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಗೂಡುಗಳಿದ್ದಂತೆ ಇದು. ಬಂದ ಉತ್ತರ ಯಾವ ಸ್ಥಿತಿಯದು, ಜೊತೆಗೆ ಮೊತ್ತ ಇದೆಯೇ, ದೋಷದ ಸಂಖ್ಯೆ ಇದೆಯೇ ಎಂದು ಒಟ್ಟಿಗೇ ನೋಡಿ ಅದರ ಗೂಡಿಗೆ ಸೇರಿಸುವುದು. ಇದೇನೂ ಹೊಸ ಫ್ಯಾಷನ್ ಅಲ್ಲ. 1980ರ ದಶಕದಲ್ಲಿ ಎರಿಕ್ಸನ್ ಕಂಪನಿ ಟೆಲಿಫೋನ್ ವ್ಯವಸ್ಥೆಗಾಗಿ ಕಟ್ಟಿದ ಅರ್ಲ್ಯಾಂಗ್ ಭಾಷೆಯಲ್ಲೇ ಇತ್ತು. ಪೈಥಾನ್‌ಗೆ ಬಂದದ್ದು 2021ರಲ್ಲಿ, 3.10ನೇ ಆವೃತ್ತಿಯೊಂದಿಗೆ.

ಕೋಡ್ ಚೆಂದ ಕಾಣುತ್ತದೆ ಎಂಬುದು ನನ್ನ ವಾದವಲ್ಲ. ರಸ್ಟ್ ಭಾಷೆಯಲ್ಲಿ ಪಟ್ಟಿ ಮಾಡಿದ ಸ್ಥಿತಿಗಳಲ್ಲಿ ಒಂದನ್ನು ಬಿಟ್ಟರೂ ಪ್ರೋಗ್ರಾಂ ಕಂಪೈಲ್ ಆಗುವುದಿಲ್ಲ. 2020ರ ಪಿಎಚ್‌ಪಿ 8ರಲ್ಲಿ ಬಂದ ‘ಮ್ಯಾಚ್’ ಬೆಲೆಗಳನ್ನಷ್ಟೇ ಹೋಲಿಸುತ್ತದೆ, ಆದರೂ ಹೊಂದುವ ಸಾಲು ಸಿಗದಿದ್ದರೆ ದೋಷ ಎಸೆಯುತ್ತದೆ. ಪೈಥಾನ್ ಮಾತ್ರ ತೆಪ್ಪಗೆ ಮುಂದೆ ಹೋಗುತ್ತದೆ. ಅಲ್ಲಿ ಎಲ್ಲಕ್ಕೂ ಹೊಂದುವ ಕೊನೆಯ ‘ಕೇಸ್’ ಬರೆದು ನಾವೇ ದೋಷ ಎಬ್ಬಿಸಬೇಕು. ಆ ಜಾಗದಲ್ಲೂ ‘ವಿಫಲ’ ಎಂದೇ ಬರೆದರೆ ಹಳೆಯ ಎಲ್ಸ್‌ಗೆ ಹೊಸ ಅಂಗಿ ತೊಡಿಸಿದಂತಾಯಿತು, ಅಷ್ಟೇ.

ಹೊಸಬರಿಗೆ ಓದಲು ಕಷ್ಟ ಎನ್ನುವವರಿದ್ದಾರೆ. ಎರಡೇ ದಾರಿ ಇರುವಲ್ಲಿ ಇಫ್ ಸಾಕು, ಒಪ್ಪಿದೆ. ಲಾಗಿನ್ ಆಗಿದ್ದಾರೋ ಇಲ್ಲವೋ ಎಂದು ನೋಡಲು ಇಷ್ಟೆಲ್ಲ ಬೇಡ. ಆದರೆ ಆರು ಇಫ್‌ಗಳ ಆವರಣ ಚಿಹ್ನೆ ಎಣಿಸುವುದು ಯಾವ ಹೊಸಬರಿಗೆ ಸುಲಭ?

ಜನರ ದುಡ್ಡು ಮುಟ್ಟುವ ಕೋಡ್ ರಿವ್ಯೂಗೆ ಬಂದಾಗ ನಾನು ಮೊದಲು ಕೇಳುವುದು ಒಂದೇ: ನಮ್ಮ ಪಟ್ಟಿಯಲ್ಲಿಲ್ಲದ ಸ್ಥಿತಿ ಬಂದರೆ ಗ್ರಾಹಕರಿಗೆ ಏನು ಕಾಣುತ್ತದೆ? ‘ಪರಿಶೀಲಿಸುತ್ತಿದ್ದೇವೆ, ದಯವಿಟ್ಟು ಮತ್ತೆ ಹಣ ಕಟ್ಟಬೇಡಿ’ ಎಂದು ಬರೆದಿದ್ದರೆ ಮುಂದಿನ ಸಾಲಿಗೆ ಹೋಗುತ್ತೇನೆ.