ನಡುಗೋದು ಶಾಫ್ಟು, ತಪ್ಪು ಕೋನದ್ದು

ಎತ್ತರ ಮಾಡಿಸಿದ ಜೀಪು ನಡುಗಿದ್ರೆ ನಮ್ಮ ಕಡೆ ಎಲ್ಲರೂ ಹೇಳೋದು ಒಂದೇ ಮಾತು, "ಶಾಫ್ಟ್ ಬ್ಯಾಲೆನ್ಸ್ ಮಾಡಿಸ್ರಿ". ಈ ಮಾತಿನ ಮೇಲೆ ನಂಗೆ ಸಿಟ್ಟಿದೆ, ಅದಕ್ಕೇ ಈ ಪೋಸ್ಟು. (ಮೆಕ್ಯಾನಿಕಲ್ ಓದಿ ಬೆಂಗಳೂರಲ್ಲಿ ಕೋಡ್ ಬರೀತಾ ಕೂತವನಿಗೆ ಊರವರು ಮಿಕ್ಸಿ ಕೆಟ್ರೂ ಫೋನ್ ಮಾಡ್ತಾರೆ, ಜೀಪು ನಡುಗಿದ್ರೂ ಫೋನ್ ಮಾಡ್ತಾರೆ. ಓದಿದ್ದಕ್ಕೆ ಸಿಕ್ಕ ಮರ್ಯಾದೆ ಇಷ್ಟೇ :-))

ಗುಂಡಗುರ್ತಿಯಲ್ಲಿರೋ ನಮ್ಮ ಕಾಕಾನ ಮಗ ಹಳೇ ಥಾರ್ ತಗೊಂಡ. 2010ರಲ್ಲಿ ಬಂತಲ್ಲ, ಹಿಂದೆ ಪಟ್ಟಿ ಸ್ಪ್ರಿಂಗ್ ಇರೋದು, ಆ ಮಾದರಿ. ಹೆಚ್ಚು ಬಾಗಿದ ಪಟ್ಟಿ, ಉದ್ದದ ಶ್ಯಾಕಲ್ ಹಾಕಿಸಿ ಮೂರಿಂಚು ಎತ್ತಿಸಿದ. ಆಮೇಲೆ 60 ದಾಟಿದ್ರೆ ಸೀಟು, ಕನ್ನಡಿ ಎಲ್ಲಾ ಗಡಗಡ. "ಅಣ್ಣಾ, ಮೂರ್ ಸಲ ಬ್ಯಾಲೆನ್ಸ್ ಮಾಡಿಸ್ದೆ, ಕ್ರಾಸೂ ಹೊಸಾವು ಹಾಕಿಸ್ದೆ. ನಡುಗೋದು ಹಂಗೇ ಅದ" ಅಂದ. ಅಂದ್ರೆ ಮೂರು ಸಲ ಕಲಬುರಗಿಗೆ ಓಡಾಟ, ತೊಗರಿ ಮಾರಿದ ದುಡ್ಡು ನೀರಲ್ಲಿ. ನಾನು ಕೇಳಿದ್ದು ಒಂದೇ: ಕೋನ ಯಾರಾದ್ರೂ ಅಳದ್ರಾ? ಯಾರೂ ಅಳೆದಿರಲಿಲ್ಲ.

ವಿಷಯ ಇಷ್ಟು. ಶಾಫ್ಟಿನ ಎರಡೂ ತುದಿಯಲ್ಲಿ ಒಂದೊಂದು ಕ್ರಾಸ್ ಇರುತ್ತೆ. ಓರೆಯಾಗಿ ತಿರುಗುವ ಕ್ರಾಸ್ ವೇಗವನ್ನು ಒಂದೇ ಸಮ ದಾಟಿಸಲ್ಲ, ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿ, ಎರಡು ಸಲ ಇಳಿಯುತ್ತೆ. ಕೋನ 4 ಡಿಗ್ರಿ ಇದ್ರೆ ಈ ಏರಿಳಿತ ಶೇ. 0.25ರೊಳಗೆ. 12 ಡಿಗ್ರಿ ಆದ್ರೆ ಸುಮಾರು ಶೇ. 2.2. ಕೋನ ಮೂರು ಪಟ್ಟು, ಏರಿಳಿತ ಒಂಬತ್ತು ಪಟ್ಟು! ಶಾಫ್ಟು ನಿಮಿಷಕ್ಕೆ 2,000 ಸುತ್ತು ತಿರುಗ್ತಿದ್ರೆ ಗಾಡಿಗೆ ನಿಮಿಷಕ್ಕೆ 4,000 ಗುದ್ದು. ಹಾಗಾದ್ರೆ ಕಂಪನಿಯಿಂದ ಬಂದ ಗಾಡಿ ಯಾಕೆ ನಡುಗಲ್ಲ? ಎರಡೂ ಕ್ರಾಸಿನ ಕೋನ ಸಮ ಇರೋದ್ರಿಂದ ಮೊದಲನೆಯದು ಮಾಡಿದ ಏರಿಳಿತವನ್ನು ಎರಡನೆಯದು ಅಳಿಸಿಹಾಕುತ್ತೆ. ಇದಕ್ಕೆ ಶಾಫ್ಟಿನ ಎರಡೂ ತುದಿಯ ಫೋರ್ಕು ಒಂದೇ ಸಾಲಿನಲ್ಲೂ ಇರಬೇಕು. ಬಿಚ್ಚಿ ಜೋಡಿಸುವಾಗ ಸ್ಪ್ಲೈನ್ ಒಂದು ಹಲ್ಲು ಆಚೀಚೆ ಆದ್ರೂ ಕತೆ ಮುಗೀತು. ಬಿಚ್ಚೋ ಮುಂಚೆ ಸುಣ್ಣದಲ್ಲಿ ಒಂದು ಗೀಟು ಹಾಕ್ರಪ್ಪಾ, ಖರ್ಚೇ ಇಲ್ಲ.

ಉದ್ದದ ಶ್ಯಾಕಲ್ ಹಾಕಿದ್ರೆ ಗಾಡಿ ಬರೀ ಮೇಲೇಳಲ್ಲ, ಆಕ್ಸಲ್ಲೂ ತಿರುಗುತ್ತೆ, ಪಿನಿಯನ್ ಮೂತಿ ಬೇರೆ ಕಡೆ ನೋಡುತ್ತೆ. ಶಾಫ್ಟು ಗಿಡ್ಡ ಇದ್ರಂತೂ ಕಷ್ಟ: ಎರಡಡಿ ಶಾಫ್ಟಿಗೆ ಮೂರಿಂಚು ಎತ್ತರ ಅಂದ್ರೆ 7 ಡಿಗ್ರಿ ಹೆಚ್ಚು.

ತಮ್ಮನಿಗೆ ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಮೊಬೈಲಿನ ಕೋನ ಅಳೆಯೋ ಆಪಿನಲ್ಲಿ ಮೂರು ಕಡೆ ಅಳೆಯಕ್ಕೆ ಹೇಳಿದೆ. ಟ್ರಾನ್ಸ್‌ಫರ್ ಕೇಸಿನ ಫ್ಲ್ಯಾಂಜ್ 4, ಶಾಫ್ಟಿನ ಇಳಿಜಾರು 16, ಪಿನಿಯನ್ 9. ಅಂದ್ರೆ ಮುಂದಿನ ಕ್ರಾಸು 12 ಡಿಗ್ರಿ, ಹಿಂದಿನದು 7. ಹೇಗೆ ಅಳಿಸಿಹೋಗುತ್ತೆ? ಪಟ್ಟಿಗೂ ಆಕ್ಸಲಿಗೂ ನಡುವೆ 5 ಡಿಗ್ರಿಯ ಓರೆ ತುಂಡು ಕೂರಿಸಿ ಪಿನಿಯನ್ನನ್ನೂ 4ಕ್ಕೆ ತಂದ್ರು. ಆಮೇಲೆ 80ರವರೆಗೆ ಆರಾಮ, ಅದರ ಮೇಲೆ ಸಣ್ಣ ಗುಂಯ್. ಅದು ಪೂರ್ತಿ ಹೋಗಲ್ಲ, ಯಾಕಂದ್ರೆ ಎರಡು ತುದಿ ಸಮ ಆದ್ರೂ ಮಧ್ಯದ ಶಾಫ್ಟು ಏರಿಳೀತಾನೇ ಇರುತ್ತೆ. ಕ್ರಾಸೂ ಬೇಗ ಸವೆಯುತ್ತೆ. ಓಡುವಾಗ ಮುಂದಿನ ಕ್ರಾಸ್ ಮುರಿದು ಶಾಫ್ಟು ನೆಲಕ್ಕೆ ಕುತ್ತಿದ್ರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಎರಡು ಕ್ರಾಸ್ ಒಟ್ಟಿಗಿರೋ ಡಬಲ್ ಕಾರ್ಡನ್ ಶಾಫ್ಟ್ ಹಾಕಿಸಬಹುದು, ಆದ್ರೆ ಆಗ ಲೆಕ್ಕವೇ ಬೇರೆ, ಪಿನಿಯನ್ ನೇರ ಟ್ರಾನ್ಸ್‌ಫರ್ ಕೇಸ್ ಕಡೆಗೇ ನೋಡಬೇಕು.

ಬ್ಯಾಲೆನ್ಸ್ ತಪ್ಪಿದ್ದು ಯಾವಾಗ ಅಂತೀರಾ? ನಡುಕ ವೇಗದ ಜೊತೆ ಹೆಚ್ಚಾಗ್ತಾ, ಆಕ್ಸಿಲರೇಟರ್ ಬಿಟ್ರೂ ಹಾಗೇ ಇದ್ರೆ ಬ್ಯಾಲೆನ್ಸ್ ಅನ್ನಬಹುದು. ಕಾಲು ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಆದ್ರೆ ಕೋನದ ಮೇಲೆ ಅನುಮಾನ ಪಡಿ. ನಾವು ಬಗ್ ಹುಡುಕುವಾಗ ಮೊದಲು ಲಾಗ್ ನೋಡ್ತೀವಲ್ಲ, ಇದೂ ಹಾಗೇ.

ಇನ್ನು ಎತ್ತರವೇ ಬೇಕಾ ಅನ್ನೋದು. ನನ್ನ ಕೇಳಿದ್ರೆ ನಮ್ಮ ಎರೆ ಭೂಮಿಗೆ ಬೇಡ. ಗಾಡಿ ಮೂರಿಂಚು ಎತ್ತಿದ್ರೂ ಹಿಂದಿನ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತೆ, ಅದನ್ನ ಮೇಲೆತ್ತೋದು ದೊಡ್ಡ ಟೈರ್ ಮಾತ್ರ. ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಮೊದಲು ಹುಗಿಯೋದೇ ಆ ಗುಂಡು. ಒಳ್ಳೇ ಮಡ್ ಟೈರು ಹಾಕಿ ಗಾಳಿ ಸ್ವಲ್ಪ ಇಳಿಸಿದ್ರೆ ಸಿಗೋ ಲಾಭ ಇದಕ್ಕಿಂತ ಜಾಸ್ತಿ. ಕಾನೂನೂ ಇದೆ: ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ತಮ್ಮ ಒಪ್ಪಲ್ಲ ಬಿಡಿ, "ನೋಡಾಕ ಛಲೋ ಕಾಣಸ್ತದ ಅಣ್ಣಾ" ಅಂತಾನೆ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ :-)

ಮಲೆನಾಡಲ್ಲಿ ಜೀಪು ಓಡಿಸೋ ಬ್ಲಾಗಿಗರು ಯಾರಾದ್ರೂ ಇದ್ರೆ ನಿಮ್ಮ ಗಾಡಿಯ ಮೂರು ಕೋನ ಎಷ್ಟೆಷ್ಟು ಅಂತ ಅಳೆದು ಬರೀರಿ.