ಸೋತದ್ದು ವಿಷಯವಲ್ಲ, ಚಿತ್ರಕಥೆ

ಫ್ಯೂಜಿ ಟಿವಿಯ 2022ರ ಧಾರಾವಾಹಿ ‘ಕ್ಯೋಸೋ ನೊ ಬನ್ನಿನ್’ ಸಪ್ಪೆಯಾಗಿತ್ತೆಂಬ ವಿಮರ್ಶಕರ ಮಾತು ನಿಜ. ಅವರು ಕೊಟ್ಟ ಕಾರಣ ಮಾತ್ರ ತಪ್ಪು. ಕೋಳ ತೊಡಿಸಲಾಗದ, ಕಡತ ಹಿಡಿದು ಓಡಾಡುವ ಸರ್ಕಾರಿ ನೌಕರರ ಕತೆಯಲ್ಲಿ ರೋಚಕತೆ ಎಲ್ಲಿಂದ ಬರಬೇಕು ಎಂದು ಕೇಳಿದ್ದಾರೆ. ಆ ಕಡತದಿಂದಲೇ ಬರಬೇಕು.

ಧಾರಾವಾಹಿಯ ನೌಕರರು ಕೆಲಸ ಮಾಡುವ ಜಪಾನಿನ ನ್ಯಾಯಯುತ ವ್ಯಾಪಾರ ಆಯೋಗ 1947ರಿಂದ ಇದೆ. 2006ರಿಂದ ಅದರ ಕೈಯಲ್ಲೊಂದು ಹರಿತವಾದ ನಿಯಮವಿದೆ: ಒಳಗೊಳಗೇ ಬೆಲೆ ಹೊಂದಿಸಿಕೊಂಡ ಕಂಪನಿಗಳಲ್ಲಿ, ತನಿಖೆಗೆ ಮುನ್ನವೇ ಬಂದು ತಪ್ಪೊಪ್ಪಿಕೊಂಡ ಮೊದಲನೆಯದಕ್ಕೆ ದಂಡ ಪೂರ್ತಿ ಮಾಫಿ. 2023ರ ಮಾರ್ಚ್‌ನಲ್ಲಿ ಚುಗೋಕು, ಚುಬು, ಕ್ಯುಶು ವಿದ್ಯುತ್ ಸಮೂಹಗಳ ಕಂಪನಿಗಳಿಗೆ ಆಯೋಗ ಒಟ್ಟು 10 ಸಾವಿರ ಕೋಟಿ ಯೆನ್ ಮೀರಿದ ದಂಡ ವಿಧಿಸಿತು. ಅದೇ ಕೂಟದ ಕನ್ಸಾಯಿ ಎಲೆಕ್ಟ್ರಿಕ್ ಮೊದಲು ಬಾಯಿಬಿಟ್ಟು ಪಾರಾಯಿತು! ನಿನ್ನೆಯವರೆಗೆ ಒಟ್ಟಿಗೆ ಕೂತವರು ಇಂದು ಯಾರು ಮೊದಲು ಹೋಗುತ್ತಾರೋ ಎಂದು ತಳಮಳಿಸುವುದಕ್ಕಿಂತ ದೊಡ್ಡ ನಾಟಕ ಬೇಕೆ?

ಧಾರಾವಾಹಿಗೆ ಈ ನಾಟಕದಲ್ಲಿ ನಂಬಿಕೆ ಇರಲಿಲ್ಲ. ಹೋಟೆಲುಗಳು ಮದುವೆ ಖರ್ಚಿನ ದರ ಹೊಂದಿಸಿಕೊಂಡ ಪ್ರಕರಣದಿಂದ ಚೆನ್ನಾಗಿಯೇ ಶುರುವಾಯಿತು. ಆದರೆ ಲೆಕ್ಕ ಬಿಡಿಸುವ ಕಡೆ ಓಟ, ಸಾಕ್ಷಿ ಹುಡುಕುವ ಕಡೆ ಅಬ್ಬರದ ಖಳರು. ಸಕಾಗುಚಿ ಕೆಂತಾರೊ, ಆನ್ ಇಬ್ಬರೂ ಸಮರ್ಥ ನಟರು. ಅವರಿಗೆ ಸಿಕ್ಕಿದ್ದು ಪೊಲೀಸ್ ಧಾರಾವಾಹಿಯ ಹಳಸಿದ ಸನ್ನಿವೇಶಗಳು.

ಇಂಥ ಇಲಾಖೆಗಳ ಕತೆಯನ್ನೇ ಕೈಬಿಡಿ ಎಂಬ ವಿಮರ್ಶಕರ ಸಲಹೆಯನ್ನು ಯಾವ ವಾಹಿನಿಯೂ ಕೇಳದಿರಲಿ. ಗುಟ್ಟಾಗಿ ಏರಿಸಿದ ಬೆಲೆಯನ್ನು ತೆರುವವರು ನೋಡುಗರೇ. ಅದನ್ನು ಪತ್ತೆ ಮಾಡುವವರ ಕೆಲಸವನ್ನು ಇದ್ದಂತೆ ತೋರಿಸಬಲ್ಲ ಬರಹಗಾರರನ್ನು ಮೊದಲು ಹುಡುಕಲಿ.