ಆಘಾತ ತರಂಗಕ್ಕೆ ಬೆಂಗಳೂರಿಗೇ ಹೋಗಬೇಕೇನು?

ಬಾದಾಮಿ, ಹುನಗುಂದ, ಇಳಕಲ್‌ನಿಂದ ಬಾಗಲಕೋಟೆಗೆ ಓದಲು ಬಂದ ನಾವು ಆಘಾತ ತರಂಗದ ಸೂತ್ರ ಬಾಯಿಪಾಠ ಮಾಡಿದ್ದೇವೆ. ಕಣ್ಣಾರೆ ಏನೂ ಕಂಡಿಲ್ಲ.

ವಿಮಾನ ಶಬ್ದದ ವೇಗದ ಹತ್ತಿರ ಹಾರುವಾಗ ರೆಕ್ಕೆಯ ಮೇಲಿನ ಗಾಳಿ ಆ ವೇಗವನ್ನೂ ಮೀರಿ, ಮುಂದೆ ಥಟ್ಟನೆ ನಿಧಾನವಾಗುತ್ತದೆ. ಅಲ್ಲೇ ಆಘಾತ ತರಂಗ, ಅದರಿಂದ ಹೆಚ್ಚುವರಿ ಡ್ರ್ಯಾಗ್. ಆ ಜಾಗದಲ್ಲಿ ಸಣ್ಣ ಉಬ್ಬು ಇದ್ದರೆ ಒಂದು ದೊಡ್ಡ ಏಟು ಸಣ್ಣ ಏಟುಗಳಾಗಿ ಒಡೆಯುತ್ತದೆ. ಆದ್ರ ವೇಗ ಬದಲಾದ ಕೂಡಲೇ ತರಂಗ ಜಾಗ ಬಿಡ್ತದ, ಉಬ್ಬು ಅಲ್ಲೇ ಕುಂತಿರ್ತದ; ಆಗ ಉಪಕಾರಕ್ಕಿಂತ ಉಪದ್ರವೇ ಹೆಚ್ಚು. ಅದಕ್ಕೇ ಬೇಕಾದಾಗ ಉಬ್ಬಿ, ಬೇಡಾದಾಗ ಇಳಿಯುವ ಮೇಲ್ಮೈಯ ಹುಡುಕಾಟ.

ಎನ್‌ಎಎಲ್‌ನ 1.2 ಮೀಟರ್ ಗಾಳಿಸುರಂಗ 1967ರಿಂದ ಬೆಂಗಳೂರಲ್ಲಿದೆ, ನಮ್ಮಲ್ಲಿಲ್ಲ. ಖರೆ. ಆದರೆ ಸಿವಿಲ್ ಲ್ಯಾಬಿನ ಫ್ಲೂಮ್‌ನಲ್ಲಿ ಕಾಣುವ ಹೈಡ್ರಾಲಿಕ್ ಜಂಪ್ ಆಘಾತ ತರಂಗದ ತಮ್ಮನೇ: ಗಾಳಿಗೆ ಮ್ಯಾಕ್ 1 ಹೇಗೋ, ತೆಳು ನೀರಿಗೆ ಫ್ರೌಡ್ 1 ಹಾಗೆ. ತಳಕ್ಕೆ ರಬ್ಬರ್ ಹಾಳೆ ಅಂಟಿಸಿ, ಕೆಳಗಿನಿಂದ ಸಿರಿಂಜಿನಲ್ಲಿ ಗಾಳಿ ತುಂಬಿ ಉಬ್ಬಿಸಿದರೆ ಜಂಪ್ ಎಷ್ಟು ಸರಿಯುತ್ತದೆ? ಅಳೆಯಲು ಸ್ಕೇಲ್ ಸಾಕು. ಲೆಕ್ಕ ಹುಬೇಹೂಬ ಹೊಂದೂದಿಲ್ಲ. ನೀರು ಅನುಕರಿಸುವುದು ಗಾಮಾ 2 ಇರುವ ಅನಿಲವನ್ನು, ಗಾಳಿಯದು 1.4. ಆ ವ್ಯತ್ಯಾಸ ಯಾಕೆಂದು ಬರೆದರೇ ಅರ್ಧ ರಿಪೋರ್ಟ್ ಆಯ್ತು.

ರೊಕ್ಕ ಕೊಟ್ಟು ತಂದ ರೆಡಿಮೇಡ್ ಪ್ರಾಜೆಕ್ಟಿಗಿಂತ ಇದು ಸಾವಿರ ಪಾಲು ಮೇಲು. ಫ್ಲೂಮ್ ಸಿವಿಲ್‌ನವರದು, ಮೆಕ್ಯಾನಿಕಲ್‌ನವರಿಗ್ಯಾಕ ಅಂತೀರೇನು? ವಾರಕ್ಕ ಎರಡು ತಾಸು ಕೊಡ್ರಿ. ರಬ್ಬರ್ ನಾವೇ ತರ್ತೇವಿ.